ಆ್ಯಪ್‌ನಲ್ಲಿ ವಿಭಾಗ ಹೆಚ್ಚಿಸಿದರೆ ಹಣ ಉಳಿಯುತ್ತದೆಯೇ?

ಖರ್ಚನ್ನು ಎಷ್ಟು ವಿಭಾಗ ಮಾಡುತ್ತೀರೋ ಅಷ್ಟು ಹಣ ಉಳಿಯುತ್ತದೆ ಎಂಬ ಮಾತು ಅರ್ಧಸತ್ಯ. ವಿಭಾಗಗಳು ಹಣ ಉಳಿಸುವುದಿಲ್ಲ, ಅದು ಹೋದ ದಾರಿ ತೋರಿಸುತ್ತವೆ.

ಗ್ನೂಕ್ಯಾಶ್ ಎಂಬ ಉಚಿತ ತಂತ್ರಾಂಶದಲ್ಲಿ 'ಮನೆ' ಎಂಬ ಮುಖ್ಯ ಖಾತೆಯಡಿ ಬಾಡಿಗೆ, ದಿನಸಿ, ಕರೆಂಟ್ ಬಿಲ್ ಎಂದು ಉಪಖಾತೆಗಳನ್ನು ತೆರೆಯಬಹುದು. ಅವುಗಳ ಮೊತ್ತ ತಾನಾಗಿಯೇ ಮುಖ್ಯ ಖಾತೆಯಲ್ಲಿ ಕಾಣುತ್ತದೆ. ಹಾಗಾಗಿ ಖರ್ಚನ್ನು ಉಪಖಾತೆಯಲ್ಲಷ್ಟೇ ಬರೆಯಿರಿ ಎನ್ನುತ್ತೇವೆ ನಾವು. ನೇರವಾಗಿ 'ಮನೆ'ಗೆ ಬರೆದರೆ ಹಣ ಯಾವುದಕ್ಕೆ ಹೋಯಿತೆಂದು ತಿಂಗಳ ಕೊನೆಗೆ ತಿಳಿಯದು.

ಕ್ರೆಡಿಟ್ ಕಾರ್ಡ್‌ನಲ್ಲಿ 2,000 ರೂಪಾಯಿಯ ದಿನಸಿ ಕೊಂಡಾಗಲೇ ಅದು ಖರ್ಚು. ಮುಂದೆ ಬಿಲ್ ಕಟ್ಟುವುದು ಸಾಲ ತೀರಿಸಿದಂತಷ್ಟೇ. ಅದನ್ನೂ ಖರ್ಚೆಂದು ಬರೆದರೆ ಲೆಕ್ಕದಲ್ಲಿ 4,000 ರೂಪಾಯಿ ಆಗುತ್ತದೆ. ಉಳಿತಾಯಕ್ಕೆ ಹಣವಿದ್ದರೂ ಇಲ್ಲವೆನಿಸುತ್ತದೆ.

ಹಾಲಿಗೊಂದು, ಮೊಸರಿಗೊಂದು ವಿಭಾಗ ಬೇಡ. ನೋಡಿದ ಮೇಲೆ ನೀವು ಖರ್ಚು ಬದಲಿಸಬಲ್ಲ ವಿಭಾಗಗಳಿದ್ದರೆ ಸಾಕು.