ಎತ್ತಿಪೋತಕ್ಕೆ ಹೋಗೋಣ, ಬರೀ ಸೆಲ್ಫಿಗೆ ಬೇಡ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಗೆಳೆಯರೇ,

ಮಳೆ ಹಿಡೀತು ಅಂದ್ರೆ ಸಾಕು, ನಮ್ಮ ಹುಡುಗರ ಸ್ಟೇಟಸ್ ತುಂಬಾ ಜೋಗ, ದಾಂಡೇಲಿ. 253 ಮೀಟರ್ ಮೇಲಿಂದ ಧುಮುಕುವ ಶರಾವತಿಯನ್ನು ಕಣ್ಣಾರೆ ನೋಡಬೇಕು, ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಬೇಕು ಅನ್ನೋ ಆಸೆ ಒಳ್ಳೇದೇ. ಆದರೆ ಅಲ್ಲಿಗೆ ಹೋಗೋಕೆ ರಾತ್ರಿಯಿಡೀ ಪ್ರಯಾಣ, ಕೈತುಂಬಾ ದುಡ್ಡು ಬೇಕು. ಮೊಗುಡಂಪಲ್ಲಿಯಿಂದ ಬೆಳಿಗ್ಗೆ ಬೈಕ್ ಹತ್ತಿದರೆ ಸಂಜೆಗೆ ಮನೆ ಸೇರಬಹುದಾದ ಜಲಪಾತ ಒಂದಿದೆ: ಚಿಂಚೋಳಿ ತಾಲ್ಲೂಕಿನ ಎತ್ತಿಪೋತ. ಮ್ಯಾಪಿನಲ್ಲಿ ಹುಡುಕುವಾಗ ಹುಷಾರು, ನಾಗಾರ್ಜುನಸಾಗರದ ಹತ್ತಿರವೂ ಇದೇ ಹೆಸರಿನ ಜಲಪಾತ ಇದೆ.

ಆ ಹೆಸರನ್ನೇ ನೋಡಿ. ಎತ್ತಿ ಹೊಯ್ಯುವುದು ಅಂತ ಅರ್ಥ. ತೆಲುಗಿನ 'ಪೋಯು', ನಮ್ಮ 'ಹೊಯ್ಯು' ಎರಡೂ ಒಂದೇ ಬೇರಿನವು. 'ಎತ್ತಿ' ಅನ್ನೋದಂತೂ ಎರಡೂ ಕಡೆ ಎತ್ತಿಯೇ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು, ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಆಂಧ್ರದ ಪಾಲಾದವು. ಗೆರೆ ಬಿದ್ದದ್ದು ಕಾಗದದ ಮೇಲೆ. ಮಾತು, ಕಾಡು, ಬೀಗತನ ಯಾವುದೂ ಆ ಗೆರೆ ಕೇಳಲಿಲ್ಲ.

ಆ ಕಡೆಯ ಕುಂಚಾವರಂ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ಬಿಸಿಲನಾಡು ಅಂತ ಕರೆಸಿಕೊಳ್ಳುವ ನಮ್ಮ ನೆಲದಲ್ಲಿ ಸುಮಾರು 134 ಚದರ ಕಿಲೋಮೀಟರ್ ಕಾಡು! ತೋಳ, ಕತ್ತೆಕಿರುಬ, ಕೊಂಡುಕುರಿ ಎಲ್ಲಾ ಅಲ್ಲಿವೆ. ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ. ನಡಿಗೆಗೂ ಸೈ, ನೀರಿನ ಆಟಗಳಿಗೂ ಸೈ ಅನ್ನೋ ಜಾಗ.

ಹಾಗಾದರೆ ನಮ್ಮ ತಕರಾರು ಏನು? ನಾವು ಅಲ್ಲಿಗೆ ಹೋಗೋದು ಬರೀ ರೀಲ್ಸ್ ಮಾಡೋಕೆ. ಪಾಚಿ ಕಟ್ಟಿದ ಬಂಡೆ ಮೇಲೆ ನಿಂತು ಫೋಟೋ, ಬಂಡೆ ಸಂದಿಯಲ್ಲಿ ಬಿಯರ್ ಬಾಟಲಿ ಚೂರು. ಇದು ಮಳೆ ನೀರಿನ ಜಲಪಾತ ರೀ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆ ಹೊಯ್ದರೆ ಹಳ್ಳ ಏಕಾಏಕಿ ಏರುತ್ತದೆ. ನೀರು ಕದಡಿತು, ಎಲೆ ಕಡ್ಡಿ ತೇಲಿ ಬಂತು ಅಂದ್ರೆ ತಕ್ಷಣ ದಡ ಹತ್ತಬೇಕು. ಈಜು ಬರುತ್ತೆ ಅನ್ನೋ ಧೈರ್ಯ ಸುಳಿಯಲ್ಲಿ ಕೆಲಸಕ್ಕೆ ಬರೋದಿಲ್ಲ.

ಸಾಹಸ ಅನ್ನೋದು ಕಲಿತು ಮಾಡುವ ವಿದ್ಯೆ. ಹಗ್ಗದ ಗಂಟು, ಲೈಫ್ ಜಾಕೆಟ್, ಮುಳುಗುವವರನ್ನು ಎಳೆಯುವ ರೀತಿ, ಪ್ರಥಮ ಚಿಕಿತ್ಸೆ ಎಲ್ಲದಕ್ಕೂ ಪಾಠ ಇದೆ. ಕರ್ನಾಟಕದಲ್ಲಿ ಇದಕ್ಕಂತಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬಾದಾಮಿಯ ಕೆಂಪು ಬಂಡೆಗಳ ಮೇಲೆ ಹತ್ತೋದನ್ನು ಕಲಿಸುತ್ತಾರೆ. ಆ ವಿದ್ಯೆ ನಮ್ಮ ಗಡಿ ಹುಡುಗ ಹುಡುಗಿಯರಿಗೂ ಸಿಗಬೇಕು ಅನ್ನೋದು ನಮ್ಮ ವಾದ.

ಯಾಕಂದ್ರೆ ಇದರಲ್ಲಿ ಅನ್ನವೂ ಇದೆ. ಎತ್ತಿಪೋತಕ್ಕೆ ಹೈದರಾಬಾದಿನಿಂದಲೂ ಜನ ಬರುತ್ತಾರೆ, ಕಲಬುರಗಿಯಿಂದಲೂ ಬರುತ್ತಾರೆ. ಅವರಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ದಾರಿ ಹೇಳಬಲ್ಲವರು ಯಾರು? ನಾವೇ! "ಮನೇಲಿ ಕನ್ನಡ, ಶಾಲೇಲಿ ತೆಲುಗು, ಸಂತೇಲಿ ದಖನಿ, ಯಾವುದೂ ನೆಟ್ಟಗಿಲ್ಲ" ಅಂತ ನಮ್ಮನ್ನು ಹಂಗಿಸಿದವರಿದ್ದಾರೆ. ಗೈಡ್ ಕೆಲಸಕ್ಕೆ ಅದೇ ಮೊದಲ ಅರ್ಹತೆ. ಕನ್ನಡ ಕಲಿತರೆ ಏನು ಸಿಗುತ್ತೆ ಅಂತ ಕೇಳೋ ಅಪ್ಪ ಅವ್ವಂದಿರಿಗೆ ನಾವು ಕೊಡಬಹುದಾದ ಉತ್ತರವೂ ಇದೇ.

ಆದ್ದರಿಂದ ಮೂರು ಬೇಡಿಕೆ. ಒಂದು, ಜಲಪಾತದ ಬಳಿ ಅಪಾಯದ ಜಾಗ ತೋರಿಸುವ ಫಲಕಗಳು ಕನ್ನಡ, ತೆಲುಗು ಎರಡರಲ್ಲೂ ಇರಲಿ. ಎರಡು, ಮಳೆಗಾಲದಲ್ಲಿ ಅಲ್ಲಿ ತರಬೇತಾದ ಕಾವಲುಗಾರರು ಇರಲಿ. ಮೂರು, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮುಂದೆ ಬಂದು ಗಡಿಯಾಚೆಯ ಕನ್ನಡ ಯುವಕ ಯುವತಿಯರಿಗೆ ಸಾಹಸ ತರಬೇತಿಯ ಒಂದು ತಂಡ ಕಟ್ಟಲಿ. ಭಾಷಣ, ಸನ್ಮಾನ, ಶಾಲುಗಳ ಜೊತೆಗೆ ಒಂದಿಷ್ಟು ಹಗ್ಗ, ಹೆಲ್ಮೆಟ್ಟೂ ಬರಲಿ.

ಮನವಿ ಬರೆಯೋದು ನಮ್ಮ ಜವಾಬ್ದಾರಿ. ಕಲಿಯೋ ಮನಸ್ಸಿದ್ದವರು ನಿಮ್ಮ ಊರಿನ ಹೆಸರು ಕೆಳಗೆ ಬರೆಯಿರಿ. ಹುಡುಗಿಯರೂ ಬರೆಯಿರಿ. ಎಷ್ಟು ಊರು ಸೇರುತ್ತವೋ, ಮನವಿಗೆ ಅಷ್ಟು ತೂಕ.