ಸುಮ್ಮನಿದ್ದವರ ಓಟು ಯಾರಿಗೆ?

ಇವತ್ತಿನ ಸಂಚಿಕೆಗೆ ಅತಿಥಿಗಳಿಲ್ಲ. ನಮ್ಮದೇ ಒಂದು ಅಭಿಪ್ರಾಯ ಹೇಳೋದಿದೆ, ಜೊತೆಗೆ ಒಂದು ತಪ್ಪೊಪ್ಪಿಗೆ.

ನಾವಿರೋದು ಜರ್ಮನಿಯಲ್ಲಿ. ನಮ್ಮೂರಲ್ಲಿ ಕನ್ನಡದವರ ಒಂದು ವಾಟ್ಸಾಪ್ ಗ್ರೂಪ್ ಇದೆ, ಇನ್ನೂರು ಚಿಲ್ಲರೆ ಜನ. ಚಿರೋಟಿ ರವೆ ಎಲ್ಲಿ ಸಿಗುತ್ತೆ, ಬಾಡಿಗೆ ಮನೆಗೆ ಯಾವ ಕಾಗದ ಬೇಕು, ಊರಿಂದ ಯಾರಾದ್ರೂ ಬರ್ತಿದ್ದಾರಾ, ಎಲ್ಲಕ್ಕೂ ಅಲ್ಲಿ ಉತ್ತರ ಸಿಗುತ್ತೆ. ಹೊಸದಾಗಿ ಬಂದವರಿಗೆ ಅದು ಅರ್ಧ ತವರುಮನೆ. ಎಲ್ಲೂ ಬರೆದಿಡದ ಕೆಲವು ನಿಯಮಗಳೂ ಇವೆ. ರಾಜಕೀಯ ಬೇಡ. ಹಿರಿಯರು ಏನಾದ್ರೂ ಹಾಕಿದರೆ ಕೈಮುಗಿಯುವ ಚಿತ್ರ ಒತ್ತಬೇಕು. ಎಲ್ಲರೆದುರು ಯಾರ ಮಾತನ್ನೂ ತಪ್ಪು ಅನ್ನಬಾರದು.

ಕಳೆದ ಚಳಿಗಾಲದಲ್ಲಿ, ಮಗಳ ಬಾಣಂತನಕ್ಕೆ ಊರಿಂದ ಬಂದಿದ್ದ ಒಬ್ಬ ಅಮ್ಮ ಗ್ರೂಪಿನಲ್ಲಿ ಮನೆಮದ್ದು ಹಾಕಿದರು: ಕೂಸಿಗೆ ಕೆಮ್ಮು, ಕಫ ಇದ್ದರೆ ನಾಲಿಗೆಗೆ ಜೇನುತುಪ್ಪ ಸವರಿ, ಮೂರು ತಿಂಗಳ ಮಗುವಿಗೂ ಆಗುತ್ತೆ. ಹತ್ತು ನಿಮಿಷದಲ್ಲಿ ಹೆಬ್ಬೆರಳು, ಕೈಮುಗಿಯೋ ಚಿತ್ರಗಳ ಸಾಲು. "ನಮ್ಮಜ್ಜಿನೂ ಹೀಗೇ ಮಾಡ್ತಿದ್ರು" ಅಂತ ಒಬ್ಬರು.

ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ನಮಗೆ ವಿಷಯ ಗೊತ್ತಿತ್ತು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳಿನ ಸೂಕ್ಷ್ಮಜೀವಿಗಳು ಅವುಗಳನ್ನು ಮೊಳೆಯೋಕೆ ಬಿಡಲ್ಲ. ಕೂಸಿನ ಕರುಳಲ್ಲಿ ಆ ಕಾವಲು ಇನ್ನೂ ಬೆಳೆದಿರಲ್ಲ. ಬೀಜಕ ಮೊಳೆತರೆ ಅದರಿಂದ ಬರುವ ವಿಷ, ನರಗಳು ಸ್ನಾಯುಗಳಿಗೆ ಕಳಿಸುವ ಸಂದೇಶವನ್ನೇ ತಡೆಯುತ್ತೆ. ಕಾಯಿಲೆ ಅಪರೂಪ, ನಿಜ. ಆದರೆ ಬಂದರೆ ಮಗುವಿಗೆ ಹಾಲು ಚೀಪೋದು ಕಷ್ಟ, ಕೆಲವೊಮ್ಮೆ ಉಸಿರಾಡೋದೂ ಕಷ್ಟ.

ಎರಡು ಸಲ ಟೈಪ್ ಮಾಡಿದೆವು, ಎರಡು ಸಲ ಅಳಿಸಿದೆವು. ಹಿರಿಯರು, ಒಳ್ಳೆ ಮನಸ್ಸಿಂದ ಹೇಳಿದ್ದಾರೆ, ನಮಗ್ಯಾಕೆ ಅಂತ ಸುಮ್ಮನಾದೆವು.

ನಾಲ್ಕು ದಿನದ ಮೇಲೆ, ಐದು ತಿಂಗಳ ಮಗುವಿನ ತಾಯಿಯೊಬ್ಬರು ಪ್ರತ್ಯೇಕವಾಗಿ ಮೆಸೇಜ್ ಮಾಡಿದರು. ಎರಡು ದಿನ ಜೇನು ಕೊಟ್ಟಿದ್ದರು. ಆಮೇಲೆ ಎಲ್ಲೋ ಓದಿ ಗಾಬರಿಯಾಗಿದ್ದರು. ಅವರ ಒಂದು ಮಾತು ಇನ್ನೂ ಚುಚ್ಚುತ್ತೆ: "ನೀವೂ ಗ್ರೂಪಲ್ಲಿದ್ರಲ್ಲ, ಏನೂ ಅನ್ನಲಿಲ್ಲ. ಹಾಗಾಗಿ ಸರಿ ಇರಬೇಕು ಅಂದ್ಕೊಂಡೆ."

ಡಾಕ್ಟರು ನೋಡಿದರು, ಮಗುವಿಗೆ ಏನೂ ಆಗಿರಲಿಲ್ಲ. ಆದರೆ ನಮ್ಮ ಮೌನವನ್ನು ಅವರು ಒಪ್ಪಿಗೆಯ ಸಹಿ ಅಂತ ಓದಿಕೊಂಡಿದ್ದರು. ತಪ್ಪು ಅವರದ್ದಲ್ಲ.

ನಾಲ್ಕು ಜನ ಮಾಡಿದ್ದನ್ನು ಮಾಡೋದು ದಡ್ಡತನ ಅಲ್ಲ. ಹೊಸ ಜಾಗದಲ್ಲಿ ಯಾವ ಹಣ್ಣು ಕಹಿ, ಯಾವುದು ವಿಷ ಅಂತ ಪ್ರತಿಯೊಬ್ಬರೂ ತಿಂದೇ ತಿಳಿಯಬೇಕಿಲ್ಲ. ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಎರಿಕಾ ವಾನ್ ಡೆ ವಾಲ್ ಮತ್ತು ಸಂಗಡಿಗರು ವರ್ವೆಟ್ ಕೋತಿಗಳಿಗೆ ಎರಡು ಬಣ್ಣದ ಜೋಳ ಕೊಟ್ಟರು, ಗುಲಾಬಿ ಮತ್ತು ನೀಲಿ. ಕೆಲವು ಗುಂಪುಗಳಲ್ಲಿ ಗುಲಾಬಿಗೆ ಕಹಿ ಬೆರೆಸಿದರು, ಉಳಿದವುಗಳಲ್ಲಿ ನೀಲಿಗೆ. ತಿಂಗಳುಗಳ ನಂತರ ಕಹಿ ತೆಗೆದರೂ ಗುಂಪುಗಳು ತಮ್ಮ ತಮ್ಮ ಬಣ್ಣ ಬಿಡಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಹತ್ತಿರವಾಗೋದು ಮುಂದಿನ ಸಂಗತಿ. ಬೇರೆ ಗುಂಪಿಗೆ ವಲಸೆ ಹೋದ ಗಂಡು ಕೋತಿಗಳು ತಮ್ಮ ಅನುಭವ ಬದಿಗಿಟ್ಟು ಹೊಸ ಗುಂಪಿನ ಬಣ್ಣವನ್ನೇ ಆರಿಸಿಕೊಂಡವು. ಒಂದು ಮಾತ್ರ ಬದಲಾಗಲಿಲ್ಲ. ಅದು ಹೋದ ಕೂಡಲೇ ಗುಂಪಿನ ಯಜಮಾನ ಆಗಿತ್ತು! ಈ ಅಧ್ಯಯನ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಒಂದು ಪ್ರಯೋಗವೂ ಬಂತು. ಸುದ್ದಿ ಹಂಚಿಕೊಳ್ಳುವ ಒಂದು ಜಾಲತಾಣದಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಅವರು ಜನ ಬರೆದ ಕೆಲವು ಪ್ರತಿಕ್ರಿಯೆಗಳಿಗೆ ಮೊದಲೇ ಒಂದೇ ಒಂದು ಸುಳ್ಳು ಮೆಚ್ಚುಗೆ ಒತ್ತಿದರು. ಆ ಒಂದು ಒತ್ತಿನಿಂದ ಅವುಗಳ ಅಂತಿಮ ಅಂಕ ಸರಾಸರಿ ಶೇಕಡಾ 25ರಷ್ಟು ಏರಿತು. ಹಾಗಾದರೆ ನಮ್ಮ ಗ್ರೂಪಿನ ಮೊದಲ ಹೆಬ್ಬೆರಳಿಗೆ ಎಷ್ಟು ತೂಕ ಅಂತ ಯೋಚಿಸಿ.

ಇನ್ನೊಂದು ಮುಖವೂ ಇದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲೊಮನ್ ಆಷ್ ಎಂಬ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ ಕೇಳಿದರು. ಜೊತೆಗೆ ಕೂತವರೆಲ್ಲ, ಮೊದಲೇ ಮಾತಾಡಿಕೊಂಡಂತೆ, ಒಕ್ಕೊರಲಿನಿಂದ ತಪ್ಪು ಉತ್ತರ ಹೇಳುತ್ತಿದ್ದರು. ಆಗ ಸುಮಾರು ಮೂರರಲ್ಲೊಂದು ಸಲ ಜನ ಕಣ್ಣಿಗೆ ಕಾಣೋದನ್ನೇ ಬಿಟ್ಟು ಗುಂಪಿನ ಉತ್ತರ ಹೇಳಿದರು. ಆದರೆ ಒಬ್ಬನೇ ಒಬ್ಬ ಜೊತೆಗಾರ ಸರಿ ಉತ್ತರ ಹೇಳಿದಾಗ ಈ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಗುಂಪಿನ ಬಲ ಇರೋದು ತಲೆ ಎಣಿಕೆಯಲ್ಲಿ ಅಷ್ಟಲ್ಲ, ಒಕ್ಕೊರಲಿನಲ್ಲಿ.

ನಮ್ಮ ಅಭಿಪ್ರಾಯ ಇಷ್ಟೇ. ವಿಷಯ ಗೊತ್ತಿದ್ದವರು ಗ್ರೂಪಿನಲ್ಲಿ ಸುಮ್ಮನಿದ್ದರೆ ತಟಸ್ಥರಾಗಿ ಉಳಿಯೋಕೆ ಆಗಲ್ಲ. ಎದುರುಬದುರು ಕೂತಾಗ ಹುಬ್ಬೇರಿಸೋದು, ಮುಖ ತಿರುಗಿಸೋದು ಕಾಣುತ್ತೆ. ಫೋನಿನಲ್ಲಿ ಕಾಣೋದು ಹೆಬ್ಬೆರಳು ಮಾತ್ರ. ಸುಮ್ಮನಿದ್ದವರ ಓಟೂ ಅದರ ಲೆಕ್ಕಕ್ಕೇ ಸೇರಿಹೋಗುತ್ತೆ. ಒಬ್ಬರಿಗೆ ಪ್ರತ್ಯೇಕವಾಗಿ ತಿಳಿಸಿದರೂ ಸಾಲದು, ಒಕ್ಕೊರಲು ಹಾಗೇ ಉಳಿಯುತ್ತೆ.

ಹಾಗಂತ ಹಿರಿಯರನ್ನು ನಾಲ್ಕು ಜನರೆದುರು ಅವಮಾನಿಸಬೇಕಾ? ಬೇಡ. ನಾವು ತಡವಾಗಿ ಮಾಡಿದ್ದು ಹೇಳ್ತೀವಿ. ಮೊದಲು ಆ ಅಮ್ಮನಿಗೆ ಫೋನ್ ಮಾಡಿದೆವು. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು: "ಅಯ್ಯೋ, ಗೊತ್ತಿರಲಿಲ್ಲ ಕಣ್ರೀ. ಅವತ್ತೇ ಹೇಳಬಾರದಿತ್ತಾ?" ಆಮೇಲೆ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದೆವು. ಕೂಡಲೇ ಒಬ್ಬರ ಹಿಂದೆ ಒಬ್ಬರು ಉತ್ತರ ಕೊಟ್ಟರು. ಹೆರಿಗೆಯಾದ ಮೇಲೆ ಇಲ್ಲಿ ಮನೆಗೇ ಬರುವ ಸೂಲಗಿತ್ತಿ ಅವರಿಗೂ ಇದನ್ನೇ ಹೇಳಿದ್ದರಂತೆ. ಅಂದ್ರೆ ಎಷ್ಟೋ ಜನಕ್ಕೆ ಗೊತ್ತಿತ್ತು. ತಮಗೊಬ್ಬರಿಗೇ ಸಂಶಯ ಅಂದುಕೊಂಡು ಎಲ್ಲರೂ ಸುಮ್ಮನಿದ್ದರು, ನಮ್ಮ ಹಾಗೇ.

ತಪ್ಪು ಅನ್ನಬಾರದು ಅನ್ನೋ ನಿಯಮವನ್ನು ಆ ಅಮ್ಮ ಮಾಡಿರಲಿಲ್ಲ. ಮೌನದಿಂದ ಅದನ್ನು ಕಟ್ಟಿದ್ದು ನಾವೆಲ್ಲ. ನಿಮ್ಮ ಗ್ರೂಪಿನಲ್ಲೂ ಈ ವಾರ ಏನಾದ್ರೂ ಬಂದಿರುತ್ತೆ, ನೀವೂ ಟೈಪ್ ಮಾಡಿ ಅಳಿಸಿರ್ತೀರಿ. ಮೊದಲು ಫೋನ್ ಮಾಡಿ, ಆಮೇಲೆ ಬರೆಯಿರಿ. ನಿಮ್ಮ ಹಿಂದೆ ಬರೆಯೋಕೆ ಇನ್ಯಾರೋ ಕಾಯ್ತಿರಬಹುದು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.