ವಿಟಮಿನ್ ತಾನೇ, ಏನಾಗುತ್ತೆ?

‘ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡಿ, ಶಕ್ತಿ ಬರುತ್ತೆ.’ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ನಮ್ಮ ದೊಡ್ಡಪ್ಪನನ್ನು ನೋಡಲು ಬಂದವರೆಲ್ಲ ಹೇಳುವ ಮಾತಿದು. ನಾನು ಬಿ.ಇ. ವಿದ್ಯಾರ್ಥಿ, ವೈದ್ಯನಲ್ಲ. ಆದರೂ ಈ ಸಲಹೆಯನ್ನು ಒಪ್ಪಲಾರೆ.

ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಕಿಡ್ನಿ ಸೋತವರಲ್ಲಿ ಜೀವಕೋಶಗಳನ್ನು ಹಾಳುಮಾಡುವ ಆಕ್ಸಿಡೇಟಿವ್ ಒತ್ತಡ ಹೆಚ್ಚು. ಡಯಾಲಿಸಿಸ್ ವೇಳೆ ವಿಟಮಿನ್ ಸಿ ಕೂಡ ಹೊರಹೋಗುತ್ತದೆ. ಹಾಗಾದರೆ ಮಾತ್ರೆ ನುಂಗಿದರಾಯಿತಲ್ಲ?

ಪರೀಕ್ಷೆಗಳ ಫಲಿತಾಂಶ ಅಷ್ಟು ಸರಳವಾಗಿಲ್ಲ. 2000ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದಲ್ಲಿ, ಹೃದ್ರೋಗವೂ ಇದ್ದ 196 ಡಯಾಲಿಸಿಸ್ ರೋಗಿಗಳ ಪೈಕಿ ವಿಟಮಿನ್ ಇ ಪಡೆದವರಿಗೆ ಹೃದಯಾಘಾತ ಕಡಿಮೆಯಾಗಿತ್ತು. ಆದರೆ 2014ರಲ್ಲಿ ಪ್ರಕಟವಾದ, 353 ರೋಗಿಗಳಿದ್ದ ಅಮೆರಿಕದ ಅಧ್ಯಯನದಲ್ಲಿ ವಿಟಮಿನ್ ಇ, ಲಿಪೋಯಿಕ್ ಆಮ್ಲಗಳನ್ನು ಆರು ತಿಂಗಳು ಕೊಟ್ಟರೂ ಆಕ್ಸಿಡೇಟಿವ್ ಒತ್ತಡ ತಗ್ಗಲಿಲ್ಲ.

ಅಪಾಯವೂ ಇದೆ. ಅತಿಯಾದ ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ; ಅದನ್ನು ಹೊರಹಾಕಬೇಕಾದ ಕಿಡ್ನಿಯೇ ಸೋತಿರುತ್ತದೆ. ವಿಟಮಿನ್ ಎ ಡಯಾಲಿಸಿಸ್‌ನಲ್ಲೂ ಹೋಗದೆ ಮೈಯಲ್ಲೇ ಉಳಿದು ವಿಷವಾಗಬಹುದು. ಅದಕ್ಕೇ ವೈದ್ಯರು ಇಂಥವರಿಗೆ ಬೇಕಾದ ವಿಟಮಿನ್ನನ್ನು ಅಳೆದು ಬರೆದುಕೊಡುತ್ತಾರೆ.

ಹಿರಿಯರಿಗೆ ಆನ್‌ಲೈನ್‌ನಲ್ಲಿ ಇಂಥ ಡಬ್ಬಿ ತರಿಸಿಕೊಡುವವರು ಹೆಚ್ಚಾಗಿ ನಾವು, ಯುವಜನರೇ. ಆರ್ಡರ್ ಮಾಡುವ ಮೊದಲು ಅದರ ಲೇಬಲ್ಲನ್ನು ಕಿಡ್ನಿ ತಜ್ಞರಿಗೆ ಒಮ್ಮೆ ತೋರಿಸೋಣ.